ಮಗು ಮನೆಯಲ್ಲಿ, ಕಛೇರಿ ಸಂಜೆ ಆರಕ್ಕೆ: ಹಾಡುವ ತಾಯಂದಿರಿಗೆ ಒಂದು ಕೈಪಿಡಿ

ಬೆಂಗಳೂರಿನ ಡೇಕೇರ್‌ಗಳು ಸಾಮಾನ್ಯವಾಗಿ ಸಂಜೆ ಆರೂವರೆ, ಏಳರ ಹೊತ್ತಿಗೆ ಬಾಗಿಲು ಹಾಕುತ್ತವೆ. ಸಂಗೀತ ಕಛೇರಿಗಳು ಶುರುವಾಗುವುದೂ ಅದೇ ಹೊತ್ತಿಗೆ. ಹಾಡುವ ತಾಯಿಯ ಕಷ್ಟ ಏನು ಅಂತ ಯಾರಾದರೂ ಕೇಳಿದರೆ ಇಷ್ಟು ಹೇಳಿದರೆ ಸಾಕು. ಬ್ಯಾಂಕಿಗೋ ಶಾಲೆಗೋ ಹೋಗುವ ತಾಯಿಗಾಗಿ ಮಾಡಿದ ಏರ್ಪಾಡುಗಳು ನಮಗೆ ಹೊಂದುವುದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು, ಮೊದಲ ಎರಡು ಹೆರಿಗೆಗೆ ಸಂಬಳದ ರಜೆ 26 ವಾರಕ್ಕೆ ಏರಿತು. ಒಳ್ಳೆಯದೇ. ಆದರೆ ಸಂಬಳವೇ ಇಲ್ಲದವಳಿಗೆ ಸಂಬಳದ ರಜೆ ಎಲ್ಲಿಂದ? ಸಂಗೀತ ಸಭೆಗಳಲ್ಲಿ ಹಾಡಿ, ಮನೆಯಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳಿ ಬದುಕುವವರಿಗೆ ರಜೆ ಕೊಡುವವರೂ ಇಲ್ಲ, ರಜೆ ಮುಗಿದ ಮೇಲೆ ಕರೆದು ಕೂರಿಸುವವರೂ ಇಲ್ಲ.

ಹೀಗೆ ಹಾಡು ಬಿಟ್ಟವರನ್ನು ಕೇಳಿ ನೋಡಿ. "ಸಮಯ ಸಿಗಲಿಲ್ಲ" ಅನ್ನುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಸಮಯ ಯಾವ ತಾಯಿಗೂ ಇಲ್ಲ. ಅಮ್ಮನ ಹಾಡು ಒಂದು ಕೆಲಸ ಅಂತ ಆ ಮನೆಯ ಕ್ಯಾಲೆಂಡರಿನಲ್ಲಿ ಎಲ್ಲೂ ಬರೆದಿರಲಿಲ್ಲ, ಹಾಡು ನಿಂತದ್ದು ಅದಕ್ಕೆ. ಮುಂದಿನ ಹೆಜ್ಜೆಗಳೆಲ್ಲ ಅದನ್ನು ಬರೆಸುವ ದಾರಿಗಳು. ನನಗೆ ಗೊತ್ತಿರುವುದು ಕರ್ನಾಟಕ ಸಂಗೀತದ ಲೋಕ, ಹಾಗಾಗಿ ಉದಾಹರಣೆಗಳು ಅಲ್ಲಿಯವೇ ಜಾಸ್ತಿ. ನೃತ್ಯದವರು, ನಾಟಕದವರು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು.

ಹೆಜ್ಜೆ 1: ಒಂದು ವಾರದ ಲೆಕ್ಕ ಬರೆಯಿರಿ

ಒಂದು ನೋಟ್‌ಬುಕ್ಕಿನಲ್ಲಿ ಏಳು ದಿನ, ಯಾವ ಹೊತ್ತಿನಲ್ಲಿ ಏನು ಮಾಡಿದಿರಿ ಅಂತ ಬರೆಯುತ್ತಾ ಹೋಗಿ. ಪಕ್ಕದಲ್ಲಿ ಇನ್ನೊಂದು ಕಾಲಂ: ಆ ಕೆಲಸವನ್ನು ಬೇರೆ ಯಾರು ಮಾಡಬಹುದಿತ್ತು? ಎದೆಹಾಲು ಕುಡಿಸುವುದನ್ನು ಬೇರೆಯವರು ಮಾಡಲಾಗದು. ತೇಗಿಸುವುದು, ಸ್ನಾನ, ಬಟ್ಟೆ ಒಣಹಾಕುವುದು, ಲಸಿಕೆಗೆ ಕರೆದುಕೊಂಡು ಹೋಗುವುದು, ಅತ್ತೆಯ ಬಿಪಿ ಮಾತ್ರೆ ತರುವುದು, ಇವೆಲ್ಲ ಆಗುತ್ತವೆ. ಈ ಪಟ್ಟಿಯನ್ನು ಯಾರಿಗೂ ಜಗಳಕ್ಕೆ ತೋರಿಸಬೇಡಿ. ಅದು ಐದನೇ ಹೆಜ್ಜೆಗೆ ಬೇಕಾಗುತ್ತದೆ.

ಲೆಕ್ಕದಲ್ಲಿ ಹುಡುಕಬೇಕಾದ್ದು ಒಂದೇ: ಗಂಟಲೂ ಚೆನ್ನಾಗಿದ್ದು, ಮನೆಯಲ್ಲಿ ಇನ್ನೊಬ್ಬ ದೊಡ್ಡವರೂ ಇರುವ ಮುಕ್ಕಾಲು ಗಂಟೆ ಯಾವುದು? "ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸಾಧಕ, ಅಂದರೆ ಹಾಡಿನ ಅಭ್ಯಾಸ, ಮಾಡಿ" ಅಂತ ಹಿರಿಯ ವಿದ್ವಾಂಸರು ಹೇಳುತ್ತಾರೆ. ರಾತ್ರಿ ಮೂರು ಸಲ ಎದ್ದವಳಿಗೆ ಅದು ಹೊಂದುವ ಮಾತಲ್ಲ. ನಿದ್ದೆಗೆಟ್ಟ ಗಂಟಲಿನಲ್ಲಿ ಬಲವಂತವಾಗಿ ತಾರ ಸ್ಥಾಯಿ, ಅಂದರೆ ಎತ್ತರದ ಸ್ವರಗಳನ್ನು ಹಿಡಿದರೆ ಹಾಳಾಗುವುದು ಗಂಟಲೇ. ಹನ್ನೊಂದು ಗಂಟೆಗೆ ಮಗು ಮಲಗಿದಾಗ ಮಾಡಿದ ಸಾಧಕವೂ ಸಾಧಕವೇ.

ಹೆಜ್ಜೆ 2: ಹೆರಿಗೆಗೆ ಮೊದಲೇ ಮುಗಿಸಿ ಇಡಬೇಕಾದ್ದು

ನೀವು ಗರ್ಭಿಣಿ ಅಂತ ಗೊತ್ತಾದ ಕೂಡಲೇ ಕೆಲವು ಸಂಘಟಕರು ಕರೆಯುವುದನ್ನೇ ನಿಲ್ಲಿಸುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. "ಯಾಕೆ ಸುಮ್ನೆ ತೊಂದರೆ ಕೊಡೋದು ಅಂತ ಕೇಳಲಿಲ್ಲಮ್ಮ" ಅನ್ನುತ್ತಾರೆ. ಹಾಗೆ ಕೇಳದೇ ಒಂದು ವರ್ಷ ಹೋಯಿತು ಅಂದರೆ ನಿಮ್ಮ ಜಾಗದಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಅದಕ್ಕೆ ನೀವೇ ಮೊದಲು ಹೇಳಿ, ಜೊತೆಗೆ ವಾಪಸ್ ಬರುವ ತಿಂಗಳನ್ನೂ ಹೇಳಿ. ವಾಟ್ಸಾಪಿನಲ್ಲಿ ಇಷ್ಟು ಕಳಿಸಿದರೂ ನಡೆಯುತ್ತದೆ:

"ನಮಸ್ಕಾರ ಸರ್. ಆಗಸ್ಟ್‌ನಲ್ಲಿ ನನಗೆ ಹೆರಿಗೆ ಇದೆ. ಜೂನ್ ಕೊನೆಯವರೆಗೆ ಹಾಡುತ್ತೇನೆ. ಜನವರಿಯಿಂದ ಒಂದೂವರೆ ಗಂಟೆಯ ಕಛೇರಿಗಳನ್ನು ಒಪ್ಪಿಕೊಳ್ಳುತ್ತೇನೆ. ಪುರಂದರದಾಸರ ಆರಾಧನೆಗೆ ನನ್ನನ್ನು ದಯವಿಟ್ಟು ಪರಿಗಣಿಸಿ."

ಕೊನೆಯ ಸಾಲು ಮುಖ್ಯ. ಆರಾಧನೆ ಪುಷ್ಯ ಅಮಾವಾಸ್ಯೆಗೆ, ಅಂದರೆ ಜನವರಿ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ನಿಂತು ಹೋದವರು ಅನ್ನುವ ಪಟ್ಟಿಗೆ ನಿಮ್ಮ ಹೆಸರು ಸೇರದ ಹಾಗೆ ಅದು ತಡೆಯುತ್ತದೆ.

ಎರಡನೆಯದು, ಧ್ವನಿಮುದ್ರಣ. ಹೊಟ್ಟೆ ಬೆಳೆದಂತೆ ಗರ್ಭಕೋಶ ವಪೆಯನ್ನು, ಅಂದರೆ ಉಸಿರಾಟಕ್ಕೆ ಬೇಕಾದ ಎದೆಯ ಕೆಳಗಿನ ಸ್ನಾಯುವನ್ನು, ಮೇಲಕ್ಕೆ ದೂಡುತ್ತದೆ. ಕೊನೆಯ ತಿಂಗಳುಗಳಲ್ಲಿ ಅದು ಸುಮಾರು 4 ಸೆಂಟಿಮೀಟರ್ ಮೇಲೆ ಹೋಗಿರುತ್ತದೆ. ಒಂದೇ ಸಾಲನ್ನು ಬದಲಿಸಿ ಬದಲಿಸಿ ಹಾಡುವ ಉದ್ದ ಸಂಗತಿಗಳಿಗೆ ಉಸಿರು ಸಾಲುವುದಿಲ್ಲ. ಎದೆಯುರಿ, ಹುಳಿತೇಗು ಇದ್ದರೆ ಗಂಟಲೂ ಒರಟಾಗುತ್ತದೆ. ಹಾಗಾಗಿ ಐದನೇ ತಿಂಗಳ ಆಸುಪಾಸಿನಲ್ಲೇ ಕಛೇರಿ ಶುರುಮಾಡುವ ಒಂದು ವರ್ಣ, ಎರಡು ದೊಡ್ಡ ಕೃತಿ, ಒಂದು ರಾಗಾಲಾಪನೆ, ಒಂದು ದೇವರನಾಮವನ್ನು ಒಳ್ಳೆಯ ಮೈಕಿನಲ್ಲಿ ವೀಡಿಯೋ ಸಮೇತ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಮುಂದಿನ ಒಂದು ವರ್ಷದ ಅರ್ಜಿಗಳಿಗೆಲ್ಲ ಇದೇ ಆಧಾರ. ಕೊನೆಯ ತಿಂಗಳುಗಳಲ್ಲಿ ಹಾಡುವುದಾದರೆ ವೇದಿಕೆಯ ಮೇಲೆ ಕುರ್ಚಿ ಕೇಳಿ. ಸಂಕೋಚ ಬೇಡ.

ದುಡ್ಡಿನ ವಿಷಯ ಒಂದಿದೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ. ಸರ್ಕಾರಿ ಕೆಲಸದಲ್ಲಿ ಇಲ್ಲದ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವವರು ಅಂಗನವಾಡಿಯಲ್ಲಿ ವಿಚಾರಿಸಿ. ದೊಡ್ಡ ಮೊತ್ತವೇನಲ್ಲ, ಆದರೆ ಬಿಡುವುದು ಯಾಕೆ?

ಹೆಜ್ಜೆ 3: ಬಾಣಂತನದಲ್ಲಿ ಗಂಟಲು ಕಾಪಾಡಿಕೊಳ್ಳುವುದು

ನಮ್ಮ ಕಡೆಯ ಬಾಣಂತನ ಮೈಗೆ ಒಳ್ಳೆಯ ವಿಶ್ರಾಂತಿ. ತವರಿನಲ್ಲಿ ಮೂರು ತಿಂಗಳು, ಐದು ತಿಂಗಳು ಯಾರಾದರೂ ನೋಡಿಕೊಳ್ಳುವುದು ಅಂದರೆ ಅದು ಭಾಗ್ಯವೇ. ಆದರೆ ಎರಡು ವಿಷಯಗಳಲ್ಲಿ ಹಾಡುವವರು ಅಮ್ಮ, ಅಜ್ಜಿಯರ ಜೊತೆ ಮೃದುವಾಗಿ ವಾದ ಮಾಡಲೇಬೇಕು.

ಒಂದು, ಸಾಂಬ್ರಾಣಿ ಹೊಗೆ. ತಲೆ ಒಣಗಿಸಲು ದಿನಾ ಹೊಗೆ ಹಾಕುವ ರೂಢಿ ಇದೆ. ಬಾಗಿಲು ಹಾಕಿದ ಕೋಣೆಯಲ್ಲಿ ಆ ಹೊಗೆ ನಿಮ್ಮ ಗಂಟಲಿಗೂ ಒಳ್ಳೆಯದಲ್ಲ, ಮಗುವಿನ ಶ್ವಾಸಕೋಶಕ್ಕಂತೂ ಒಳ್ಳೆಯದೇ ಅಲ್ಲ. "ಡಾಕ್ಟರು ಬೇಡ ಅಂದಿದ್ದಾರೆ" ಅನ್ನಿ. ಮನೆಯಲ್ಲಿ ಇದಕ್ಕೆ ಇರುವಷ್ಟು ಬೆಲೆ ನಿಮ್ಮ ಮಾತಿಗೆ ಇರುವುದಿಲ್ಲ, ಅಲ್ವಾ?

ಎರಡು, ನೀರು. "ಬಾಣಂತಿ ನೀರು ಜಾಸ್ತಿ ಕುಡಿಯಬಾರದು, ಹೊಟ್ಟೆ ಬರುತ್ತೆ" ಅನ್ನುವ ಮಾತು ಇನ್ನೂ ಎಷ್ಟೋ ಮನೆಗಳಲ್ಲಿದೆ. ಹಾಲುಣಿಸುವಾಗ ಬಾಯಾರಿಕೆ ಹೆಚ್ಚು. ಗಂಟಲಿನ ಒಳಪದರ ಒಣಗಿದರೆ ಧ್ವನಿ ಬಿರುಕು ಬಿಡುತ್ತದೆ. ಬಿಸಿನೀರೇ ಕುಡಿಯಿರಿ, ಅದರಲ್ಲಿ ತಕರಾರಿಲ್ಲ. ಆದರೆ ಬೇಕಾದಷ್ಟು ಕುಡಿಯಿರಿ.

ಹಾಡಿಗೆ ಮರಳುವುದು ಹೀಗೆ. ಹೆರಿಗೆಯಾಗಿ ಸುಮಾರು ಆರು ವಾರಕ್ಕೆ ವೈದ್ಯರ ತಪಾಸಣೆ ಇರುತ್ತದೆ. ಅಲ್ಲಿ "ನಾನು ಹಾಡುಗಾರ್ತಿ, ಹೊಟ್ಟೆಯಿಂದ ಉಸಿರು ಒತ್ತಿ ಹಾಡಬೇಕು" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಅದು ತೋಚುವುದಿಲ್ಲ. ಸಿಸೇರಿಯನ್ ಆಗಿದ್ದರೆ ಹೊಲಿಗೆ ಒಳಗೂ ಮಾಗಬೇಕು. ಹೊಟ್ಟೆಯ ನಡುವಿನ ಸ್ನಾಯುಗಳು ಬಿಟ್ಟುಕೊಂಡಿದ್ದರೆ ಫಿಸಿಯೋಥೆರಪಿಯವರ ಹತ್ತಿರ ಕಳಿಸಲು ಕೇಳಿ. ನರ್ತಕಿಯರಿಗೆ ಇದು ಇನ್ನೂ ಮುಖ್ಯ. ಕೀಲುಗಳ ಸಡಿಲ ಹೆರಿಗೆಯ ನಂತರವೂ ಕೆಲವು ತಿಂಗಳು ಇರುತ್ತದೆ. ಆಗ ಅರೆಮಂಡಿಯಲ್ಲಿ, ಅಂದರೆ ಮಂಡಿ ಬಗ್ಗಿಸಿದ ಭಂಗಿಯಲ್ಲಿ, ಹಾರುವುದು, ಬೀಳುವುದು ಬೇಡ.

ಒಪ್ಪಿಗೆ ಸಿಕ್ಕ ಮೇಲೆ ಮೊದಲು ಕೃತಿಗೆ ಕೈ ಹಾಕಬೇಡಿ. ಹತ್ತು ನಿಮಿಷ ಮಂದ್ರ ಸ್ಥಾಯಿಯಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, "ಆ" ಅಂತ ಹಾಡುವ ಅಕಾರ. ಆಮೇಲೆ ಮೊದಲ ಪಾಠವಾದ ಸರಳೆ ವರಸೆ, ಒಂದನೇ ಕಾಲದಲ್ಲಿ, ಅಂದರೆ ನಿಧಾನ ವೇಗದಲ್ಲಿ ಮಾತ್ರ. ಎರಡು ವಾರ ಹೀಗೇ ಹೋಗಲಿ. ಆಮೇಲೆ ಜಂಟಿ ವರಸೆ, ಅಲಂಕಾರ, ಎರಡನೇ ಕಾಲ. ಐದೂವರೆ ಶ್ರುತಿಯಲ್ಲಿ (ಶ್ರುತಿ ಅಂದರೆ ಹಾಡಿನ ಆಧಾರ ಸ್ವರದ ಎತ್ತರ) ಹಾಡುತ್ತಿದ್ದವರು ಕೆಲವು ತಿಂಗಳು ಐದಕ್ಕೆ ಇಳಿಸಿ. ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ವರ್ಣವನ್ನು ಎರಡು ಕಾಲದಲ್ಲಿ ಉಸಿರು ಒಡೆಯದೆ ಹಾಡುವಂತಾದಾಗ ಒಂದು ಗಂಟೆಯ ಕಛೇರಿ ಒಪ್ಪಿಕೊಳ್ಳಬಹುದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಹೆರಿಗೆಯಾದ ಹೊಸದರಲ್ಲಿ ಅಳು ಬರುವುದು, ಮನಸ್ಸು ಕುಗ್ಗುವುದು ತುಂಬ ಜನರಿಗೆ ಆಗುತ್ತದೆ. ಎರಡು ವಾರ ದಾಟಿದರೂ ಹೋಗದಿದ್ದರೆ, ಹಾಡಿನ ಮೇಲೂ ಮಗುವಿನ ಮೇಲೂ ಆಸೆಯೇ ಇಲ್ಲದಂತಾದರೆ ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಕೊಡಬೇಕಾಗಿಲ್ಲ.

ಹೆಜ್ಜೆ 4: ಸಾಧಕವನ್ನು ಮೂರು ಗುಂಪು ಮಾಡಿ

ಮದುವೆಗೆ ಮುಂಚೆ ನಾವೆಲ್ಲ ಶ್ರುತಿ ಪೆಟ್ಟಿಗೆ ಹಾಕಿಕೊಂಡು ಎರಡು ಗಂಟೆ ಕೂರುತ್ತಿದ್ದೆವು. ಆ ಎರಡು ಗಂಟೆಯಲ್ಲಿ ಎಲ್ಲ ಕೆಲಸವೂ ಕಲಸಿಕೊಂಡಿರುತ್ತಿತ್ತು: ಗಂಟಲಿನ ಕೆಲಸ, ಮನಸ್ಸಿನ ಕೆಲಸ, ಕಿವಿಯ ಕೆಲಸ. ಈಗ ಅವನ್ನು ಬೇರೆ ಬೇರೆ ಮಾಡಬೇಕು.

ಗಂಟಲಿನ ಕೆಲಸಕ್ಕೆ ಒಂಟಿತನ ಬೇಕು. ಅಕಾರ, ವರಸೆ, ವರ್ಣ, ರಾಗದ ಆಲಾಪನೆ ಇದರಲ್ಲಿ ಬರುತ್ತವೆ. ಮೊದಲ ಹೆಜ್ಜೆಯಲ್ಲಿ ಹುಡುಕಿದ ಮುಕ್ಕಾಲು ಗಂಟೆ ಇದಕ್ಕೆ ಮಾತ್ರ. ಬಾಗಿಲು ಹಾಕಿ. ಫೋನನ್ನು ತಂಬೂರಿ ಆ್ಯಪ್‌ಗೆ ಮಾತ್ರ ಬಳಸಿ, ಉಳಿದ ಸದ್ದುಗಳನ್ನು ಆರಿಸಿ. ಒಂದು ದಿನಕ್ಕೆ ಒಂದೇ ರಾಗ. ತೋಡಿ ಹಿಡಿದ ವಾರ ತೋಡಿಯನ್ನೇ ಹಾಡಿ. ಹತ್ತು ಕೃತಿ ತಿರುಗಿಸಿ ನೋಡುವ ಆಸೆಯನ್ನು ಬಿಡಬೇಕು.

ಮನಸ್ಸಿನ ಕೆಲಸ ಎಲ್ಲಿ ಬೇಕಾದರೂ ನಡೆಯುತ್ತದೆ. ಹೊಸ ಕೃತಿಯ ಸಾಹಿತ್ಯ ಬಾಯಿಪಾಠ ಮಾಡುವುದು, ಅರ್ಥ ನೋಡುವುದು, ಒಂದೇ ಸಾಲನ್ನು ವಿಸ್ತರಿಸಿ ಹಾಡುವ ನೆರವಲಿಗೆ ಯಾವ ಸಾಲು ಅಂತ ಯೋಚಿಸುವುದು, ಸ್ಥಳದಲ್ಲೇ ಕಟ್ಟಿ ಹಾಡುವ ಕಲ್ಪನಾಸ್ವರದ ಮುಕ್ತಾಯಕ್ಕೆ ಲೆಕ್ಕ ಕೂಡಿಸುವುದು. ಏಳು ಎಣಿಕೆಯ ಮಿಶ್ರಛಾಪು ತಾಳದ ಒಂದು ಮುಕ್ತಾಯವನ್ನು ಮಗುವಿನ ಬೆನ್ನು ತಟ್ಟುತ್ತಲೇ ಕೂಡಿಸಬಹುದು. ಮಗುವೂ ಮಲಗುತ್ತದೆ, ಏಳರ ಲೆಕ್ಕವೂ ಕೂಡುತ್ತದೆ. ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಟೈಲ್ಸಿನ ಮೇಲೆ ಅಂಟಿಸಿ.

ಕಿವಿಯ ಕೆಲಸ ಅಂದರೆ ನಿಮ್ಮ ಸಾಧಕವನ್ನೇ ಕೇಳುವುದು. ಮುಕ್ಕಾಲು ಗಂಟೆಯನ್ನು ರೆಕಾರ್ಡ್ ಮಾಡಿ, ರಾತ್ರಿ ಹಾಲು ಕುಡಿಸುವಾಗ ಒಂದು ಕಿವಿಗೆ ಇಯರ್‌ಫೋನ್ ಹಾಕಿ ಕೇಳಿ. ಗಮಕ ಎಲ್ಲಿ ಜಾರಿತು, ಪಂಚಮ ಎಲ್ಲಿ ತೂಕ ತಪ್ಪಿತು ಅಂತ ಆ ನಿಶ್ಶಬ್ದದಲ್ಲಿ ಚೆನ್ನಾಗಿ ಕೇಳುತ್ತದೆ. ಗುರುಗಳು ಹೇಳದೇ ಬಿಟ್ಟದ್ದೂ ಕೇಳಿಸುತ್ತದೆ.

ಮಗುವಿಗೆ ಹಾಡುವ ಜೋಗುಳ, ಪೂಜೆಯ ಹೊತ್ತಿನ ದೇವರನಾಮ ಇವನ್ನು ಸಾಧಕದ ಲೆಕ್ಕಕ್ಕೆ ಸೇರಿಸಬೇಡಿ. ಅವು ಸಂತೋಷಕ್ಕೆ. "ದಿನವಿಡೀ ಹಾಡ್ತಾನೇ ಇರ್ತೀಯಲ್ಲ, ಮತ್ತೆ ಬಾಗಿಲು ಯಾಕೆ ಹಾಕ್ಬೇಕು?" ಅನ್ನುವ ಪ್ರಶ್ನೆ ಹುಟ್ಟುವುದೇ ಈ ಗೊಂದಲದಿಂದ.

ಹೆಜ್ಜೆ 5: "ಸ್ವಲ್ಪ ನೋಡ್ಕೋತೀರಾ" ಅನ್ನುವುದನ್ನು ಬಿಡಿ

"ಸ್ವಲ್ಪ ಮಗು ನೋಡ್ಕೋತೀರಾ" ಅಂದರೆ ಮಗುವಿನ ಕೆಲಸ ನಿಮ್ಮದೇ, ಗಂಡ ಉಪಕಾರ ಮಾಡುತ್ತಿದ್ದಾರೆ ಅಂತ ನೀವೇ ಒಪ್ಪಿಕೊಂಡ ಹಾಗೆ. ಹತ್ತು ನಿಮಿಷಕ್ಕೆ "ಅಳ್ತಾ ಇದೆ, ಬಾ" ಅಂತ ಬಾಗಿಲು ಬಡಿಯುತ್ತಾರೆ. ಬಡಿಯಲೇಬೇಕು, ಯಾಕೆಂದರೆ ಎರಡನೇ ಡೈಪರ್ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ.

ಮೊದಲ ಹೆಜ್ಜೆಯ ಪಟ್ಟಿಯನ್ನು ಈಗ ತೆಗೆಯಿರಿ. ಚೂರು ಚೂರು ಕೆಲಸ ಹಂಚಬೇಡಿ, ಇಡಿಯಾಗಿ ಒಪ್ಪಿಸಿ. "ಲಸಿಕೆ ನಿಮ್ಮದು" ಅಂದರೆ ತಾಯಿ ಕಾರ್ಡ್ ಎಲ್ಲಿದೆ, ಮುಂದಿನ ತಾರೀಖು ಯಾವುದು, ಜ್ವರ ಬಂದರೆ ಎಷ್ಟು ಹನಿ ಅಂತ ಡಾಕ್ಟರು ಹೇಳಿದ್ದಾರೆ, ಅದೆಲ್ಲ ಅವರ ತಲೆಯಲ್ಲಿ ಇರಬೇಕು. "ಸೋಮವಾರ, ಗುರುವಾರ ಸಂಜೆ ನಿಮ್ಮದು" ಅಂದರೆ ಊಟ, ಮಲಗಿಸುವುದು, ಮಧ್ಯದ ಅಳು ಎಲ್ಲವೂ ಸೇರಿ. ಅವರು ಮಾಡುವ ರೀತಿ ಬೇರೆ ಇರುತ್ತದೆ. ಅಂಗಿ ಉಲ್ಟಾ ಹಾಕಿದ್ದರೆ ಹಾಗೇ ಇರಲಿ. ಕಛೇರಿಯಿಂದ ಬಂದು ತಪ್ಪು ಹುಡುಕಿದರೆ ಮುಂದಿನ ಸಲ ಯಾರೂ ಒಪ್ಪಿಕೊಳ್ಳುವುದಿಲ್ಲ.

"ಹಿಂದಿನವರು ಮಾಡಲಿಲ್ವಾ?" ಅನ್ನುವವರು ಸಿಗುತ್ತಾರೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಹೆಸರನ್ನೇ ಹೇಳುತ್ತಾರೆ. ನಿಜ, ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಸಂಸಾರದ ಖರ್ಚು ಅವರ ಹಾಡಿನಿಂದಲೇ ನಡೆಯಿತು. ಮಗಳು ಕೃಷ್ಣಾ ದೊಡ್ಡವರಾದ ಮೇಲೆ ತಾಯಿಯ ಜೊತೆ ಕೂತು ಸಹಗಾಯನ ಮಾಡಿದರು. ಆದರೆ ಅವರ ಹಾಡು ಆ ಮನೆಯ ಅನ್ನ. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಡತಿಯ ಹಾಡು ಅಂದರೆ ಇನ್ನೂ ಹವ್ಯಾಸ. ಅವರ ಹೆಸರು ಎತ್ತುವವರು ಮೊದಲು ಈ ವ್ಯತ್ಯಾಸ ನೋಡಲಿ. ಇನ್ನು, ಹಿಂದಿನ ತುಂಬಿದ ಮನೆಗಳಲ್ಲಿ ಮಗು ಎತ್ತಿಕೊಳ್ಳಲು ಎಷ್ಟು ಕೈಗಳಿದ್ದವು, ಈಗಿನ ಎರಡು ಬೆಡ್‌ರೂಮ್ ಫ್ಲ್ಯಾಟಿನಲ್ಲಿ ಎಷ್ಟಿವೆ ಅಂತಲೂ ಎಣಿಸಿ ನೋಡಲಿ.

ಸಂಜೆ ಹೊತ್ತಿಗೆ ಮನೆಯ ಹೊರಗಿನ ಒಬ್ಬರಾದರೂ ಬೇಕು. ಪಕ್ಕದ ಮನೆಯ ಆಂಟಿ, ಡೇಕೇರಿನಲ್ಲೇ ಕೆಲಸ ಮಾಡುವ ಆಯಾ, ಕಾಲೇಜಿಗೆ ಹೋಗುವ ಸಂಬಂಧಿ. ಯಾರೇ ಆಗಲಿ, ದುಡ್ಡು ಕೊಟ್ಟು ಕರೆಯಿರಿ. ದುಡ್ಡು ಬೇಡ ಅನ್ನುವವರು ತಪ್ಪಿಸಿಕೊಂಡರೆ ಕೇಳುವ ಹಾಗಿಲ್ಲ. ಶಿಷ್ಯೆಯರ ಕೈಗೆ ಮಗು ಕೊಟ್ಟು ಹೋಗುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಅದಕ್ಕೆ ಗುರುಕುಲದ ಹೆಸರು ಇಟ್ಟರೂ, ಆ ಹುಡುಗಿ ಫೀಸು ಕೊಟ್ಟು ಕಲಿಯಲು ಬಂದಿದ್ದಾಳೆ.

ಹೆಜ್ಜೆ 6: ಕಛೇರಿಯ ದಿನ

ಹಾಲುಣಿಸುವ ತಾಯಿಗೆ ಮೊದಲ ಕಛೇರಿಯಾಗಿ ಆಕಾಶವಾಣಿಯ ಧ್ವನಿಮುದ್ರಣ ಸಿಕ್ಕರೆ ಒಳ್ಳೆಯದು. ಹಗಲಿನಲ್ಲಿ ಇರುತ್ತದೆ, ಹಾಡುವ ಅವಧಿ ಕಡಿಮೆ, ಎದುರಿಗೆ ಸಭಿಕರಿಲ್ಲ. ಸಭೆಯಲ್ಲಾದರೆ ಒಂದೂವರೆ ಗಂಟೆಯ ಅವಧಿ ಕೇಳಿ. ಎರಡೂವರೆ ಗಂಟೆಯ ಕಛೇರಿ, ಅದರ ಜೊತೆ ಬೆಂಗಳೂರಿನ ಟ್ರಾಫಿಕ್ ಸೇರಿದರೆ ಮಗುವಿನಿಂದ ಐದು ಗಂಟೆ ದೂರ. ಮೊದಲ ಆರು ತಿಂಗಳು ಅದು ಇಬ್ಬರಿಗೂ ಕಷ್ಟ.

ಹಾಲು ಹಿಂಡಿ ಇಡುವುದನ್ನು ಕಛೇರಿಯ ದಿನವೇ ಶುರು ಮಾಡಬೇಡಿ. ಎರಡು ವಾರ ಮೊದಲೇ ದಿನಕ್ಕೊಂದು ಸಲ ಹಿಂಡಿ, ಬೇರೆಯವರ ಕೈಯಿಂದ ಕುಡಿಸಿ ರೂಢಿ ಮಾಡಿ. ಹಿಂಡಿದ ಹಾಲು 25 ಡಿಗ್ರಿ ಒಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ರಾಮನವಮಿಯ ಬಿಸಿಲಿನಲ್ಲಿ 25 ಡಿಗ್ರಿ ಎಲ್ಲಿದೆ? ಹಾಗಾಗಿ ಸೀದಾ ಫ್ರಿಜ್‌ಗೇ ಇಡಿ. ಒಮ್ಮೆ ಬೆಚ್ಚಗೆ ಮಾಡಿದ್ದನ್ನು 2 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಫ್ರಿಜ್‌ಗೆ ಇಡಬಾರದು.

ರೇಷ್ಮೆ ಸೀರೆಗೆ ಮುಂದೆ ಹುಕ್ ಇರುವ ರವಿಕೆ ಹೊಲಿಸಿಕೊಳ್ಳಿ. ಒಳಗೆ ಹಾಲು ಹೀರುವ ಪ್ಯಾಡ್ ಇರಲಿ. ಸಭೆಯಲ್ಲಿ ಯಾವುದೋ ಮಗು ಅತ್ತರೂ ಹಾಲು ಸೋರುತ್ತದೆ, ಅದು ಮೈಯ ಸಹಜ ಗುಣ. ವೇದಿಕೆ ಏರುವ ಇಪ್ಪತ್ತು ನಿಮಿಷ ಮುಂಚೆ ಕುಡಿಸಿ ಅಥವಾ ಹಿಂಡಿ. ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನದಲ್ಲಿ ಎದ್ದು ಹೋಗಿ ಬರಬಹುದು ಅಂತ ಯಾರೋ ಸಲಹೆ ಕೊಟ್ಟದ್ದು ಕೇಳಿದ್ದೇನೆ. ತಾಳ ಹಾಕುವವರು ಯಾರು? ಮೃದಂಗದವರು ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಮಗುವನ್ನು ಕರೆದೊಯ್ದರೆ ಮೊದಲ ಸಾಲಿನಲ್ಲಿ ಕೂರಿಸಬೇಡಿ. ನಿಮ್ಮ ಮುಖ ಕಂಡರೆ ವೇದಿಕೆಗೆ ಬರಲು ಹಟ ಮಾಡುತ್ತದೆ. ಸ್ಪೀಕರ್ ಹತ್ತಿರವೂ ಬೇಡ, ಎಳೆ ಕಿವಿಗೆ ಅಪಾಯ. ಗ್ರೀನ್‌ರೂಮಿನಲ್ಲಿ ಮಗುವಿಗೆ ಪರಿಚಯ ಇರುವವರ ಜೊತೆ ಇರಲಿ. ಪಕ್ಕವಾದ್ಯದವರಿಗೆ ಮೊದಲೇ ಪರಿಸ್ಥಿತಿ ಹೇಳಿಡಿ. ಕೃತಿಗಳ ಪಟ್ಟಿ ಕಳಿಸಿ, "ಅಗತ್ಯ ಬಿದ್ದರೆ ಇದೊಂದು ಬಿಡುತ್ತೇನೆ" ಅಂತ ಗುರುತು ಮಾಡಿ. ಒಳ್ಳೆಯ ಪಿಟೀಲಿನವರು ಉಸಿರು ಸಾಲದ ಜಾಗ ಕಂಡ ಕೂಡಲೇ ಒಂದು ಸುತ್ತು ತಾವೇ ಎತ್ತಿಕೊಳ್ಳುತ್ತಾರೆ.

ಹೆಜ್ಜೆ 7: ಸಂಘಟಕರ ಹತ್ತಿರ ಕೇಳಿ, ದುಡ್ಡನ್ನು ಬರೆದಿಡಿ

ಒಪ್ಪಿಕೊಳ್ಳುವ ಮುಂಚೆ ಕೇಳಿ: ಚಿಲಕ ಇರುವ ಕೋಣೆ ಇದೆಯಾ? ಶೌಚಾಲಯ ಹತ್ತಿರ ಇದೆಯಾ? ಶುರುವಾಗುವ ಹೊತ್ತು ಖಚಿತವಾ, ಅಥವಾ ಸನ್ಮಾನ, ಭಾಷಣ ಮುಗಿದ ಮೇಲಾ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಆರೂವರೆಗೆ ಅಂತ ಕರೆದು, ಸನ್ಮಾನ ಮುಗಿಸಿ ಎಂಟಕ್ಕೆ ಕೂರಿಸುವ ಜಾಗಕ್ಕೆ ಮಗು ಎರಡು ವರ್ಷದ್ದಾಗುವ ತನಕ ಹೋಗುವುದು ಬೇಡ.

"ಮಗು ಚಿಕ್ಕದಲ್ವಾ ಮೇಡಂ, ಹಾಡೋಕಾಗುತ್ತಾ?" ಅಂತ ಕೇಳಿದರೆ ವಿವರಣೆ ಕೊಡಲು ಹೋಗಬೇಡಿ. "ಆಗುತ್ತೆ ಸರ್. ಒಂದೂವರೆ ಗಂಟೆ ಹಾಡ್ತೀನಿ. ಜೊತೆಗೆ ಒಬ್ಬರು ಬರ್ತಾರೆ, ಅವರ ಟಿಕೆಟ್ ಸೇರಿಸಿ" ಅಷ್ಟೇ.

ಲೆಕ್ಕ ಹೀಗೆ ಬರೆಯಿರಿ. 15,000 ರೂಪಾಯಿ ಸಂಭಾವನೆ ಬಂತು ಅಂದುಕೊಳ್ಳಿ. ಪಿಟೀಲು, ಮೃದಂಗಕ್ಕೆ ತಲಾ 4,000. ಟ್ಯಾಕ್ಸಿ 1,500. ಮಗು ನೋಡಿಕೊಂಡವರಿಗೆ 800. ಉಳಿದದ್ದು 4,700. ಮಗುವಿನ ಆರೈಕೆಯ ಖರ್ಚು ಸಂಸಾರದ್ದು, ನಿಮ್ಮೊಬ್ಬರದ್ದಲ್ಲ ಅನ್ನುವವಳು ನಾನು. ಹಾಗಾದರೆ ಅರ್ಧ ಗಂಡನ ಲೆಕ್ಕಕ್ಕೂ ಹೋಗಬೇಕು. ವರ್ಷದ ಕೊನೆಯಲ್ಲಿ ಈ ಪುಸ್ತಕ ನೋಡಿದರೆ ಯಾವ ಸಭೆಗೆ ಹೋಗಿ ಕೈಯಿಂದ ಕಳೆದುಕೊಂಡಿರಿ ಅಂತ ತಿಳಿಯುತ್ತದೆ. ಕೆಲವಕ್ಕೆ ಕಳೆದುಕೊಂಡಾದರೂ ಹೋಗಬೇಕು. ಬೆಂಗಳೂರಿನ ದೊಡ್ಡ ಸಂಗೀತ ಉತ್ಸವವಾದ ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದ ರಾಮೋತ್ಸವದಲ್ಲಿ ಅವಕಾಶ ಬಂದರೆ ಯಾರು ಲೆಕ್ಕ ಹಾಕುತ್ತಾರೆ? ಎಲ್ಲದಕ್ಕೂ ಹಾಗೆ ಹೋಗುವ ಅಗತ್ಯ ಇಲ್ಲ, ಅಷ್ಟೇ.

ಹೆಜ್ಜೆ 8: ಆನ್‌ಲೈನ್ ಪಾಠಕ್ಕೆ ಸರಿಯಾದ ದೇಶ ಆರಿಸಿ

ನಗಬೇಡಿ, ಇದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದ ಕನ್ನಡ ಮಕ್ಕಳಿಗೆ ಸಂಜೆ ಆರಕ್ಕೆ ಪಾಠ ಅಂದರೆ ನಮಗೆ ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಸರಿಯಾಗಿ ಡಬ್ಬಿ ಕಟ್ಟುವ, ಶಾಲೆಯ ವ್ಯಾನ್ ಬರುವ ಹೊತ್ತು. ಸಿಡ್ನಿ, ಮೆಲ್ಬರ್ನಿನ ಮಕ್ಕಳಿಗೆ ಸಂಜೆ ಐದು ಅಂದರೆ ನಮಗೆ ಹನ್ನೊಂದೂವರೆ ಅಥವಾ ಹನ್ನೆರಡೂವರೆ. ನಿಮ್ಮ ಮಗು ಶಾಲೆಯಲ್ಲಿರುತ್ತದೆ, ಮನೆ ಶಾಂತ. ಸಿಂಗಾಪುರದ ಐದು ಗಂಟೆ ನಮಗೆ ಎರಡೂವರೆ. ಲಂಡನ್ನಿನ ಶನಿವಾರ ಬೆಳಿಗ್ಗೆ ಹತ್ತು ನಮಗೆ ಮಧ್ಯಾಹ್ನ ಎರಡೂವರೆ ಅಥವಾ ಮೂರೂವರೆ, ಅಪ್ಪ ಮನೆಯಲ್ಲಿರುವ ದಿನ. ಗಡಿಯಾರ ಬದಲಿಸುವ ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಹೊತ್ತು ಬದಲಾಗುತ್ತದೆ ಅನ್ನುವುದನ್ನು ಪೋಷಕರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಪಾಠದ ಆದಾಯ ಖಚಿತ, ಕಛೇರಿಯದ್ದು ಅಲ್ಲ. ಆ ಕಾರಣಕ್ಕೇ ಪಾಠ ಮೆಲ್ಲಗೆ ಎಲ್ಲವನ್ನೂ ನುಂಗುತ್ತದೆ. ದಿನಕ್ಕೆ ಇಷ್ಟೇ ಪಾಠ ಅಂತ ಮಿತಿ ಹಾಕಿ. ಗಂಟೆಗಟ್ಟಲೆ ಮಕ್ಕಳ ಶ್ರುತಿಯಲ್ಲಿ ಸರಳೆ ಹೇಳಿಕೊಟ್ಟ ಗಂಟಲಿನಲ್ಲಿ ಸಂಜೆ ಕಲ್ಯಾಣಿ ರಾಗ ಹಾಡುವುದಕ್ಕೆ ಆಗುವುದಿಲ್ಲ.

ಹೆಜ್ಜೆ 9: ಹಿರಿಯರ ಆರೈಕೆ ಬೇರೆಯೇ ಲೆಕ್ಕ

ಮಗು ಬೆಳೆಯುತ್ತದೆ, ಪ್ರತಿ ವರ್ಷ ಒಂದಿಷ್ಟು ಬಿಡುವು ವಾಪಸ್ ಕೊಡುತ್ತದೆ. ಪಾರ್ಶ್ವವಾಯು ಆದ ಮಾವ, ಮರೆವಿನ ಕಾಯಿಲೆಯ ಅಮ್ಮ ಇದ್ದಲ್ಲಿ ಕೆಲಸ ವರ್ಷ ವರ್ಷ ಹೆಚ್ಚುತ್ತದೆ. ಯಾವಾಗ ಮುಗಿಯುತ್ತದೆ ಅಂತ ಯೋಚಿಸುವುದೂ ಪಾಪ ಅನ್ನಿಸುತ್ತದೆ. ಹಾಗಾಗಿ "ಇದು ಮುಗಿದ ಮೇಲೆ ಹಾಡ್ತೀನಿ" ಅನ್ನುವ ಯೋಜನೆ ಇಲ್ಲಿ ಬೇಡವೇ ಬೇಡ.

ಒಡಹುಟ್ಟಿದವರೆಲ್ಲ ಸೇರಿ ಒಮ್ಮೆ ಕೂತು ಮಾತಾಡಿ. ದೂರದ ಊರಲ್ಲಿರುವ ಅಣ್ಣ ದುಡ್ಡು ಕೊಡಲಿ, ಹತ್ತಿರದವರು ದಿನ ಕೊಡಲಿ. ದುಡ್ಡು ಬಂದರೆ ಏಜೆನ್ಸಿಯಿಂದ 12 ಗಂಟೆ ಪಾಳಿಗೆ ಒಬ್ಬರನ್ನು ಇಟ್ಟುಕೊಳ್ಳಬಹುದು. ಪೂರ್ತಿ ತಿಂಗಳಿಗೆ ಆಗದಿದ್ದರೆ ಕಛೇರಿಯ ಹಿಂದಿನ ರಾತ್ರಿಗಾದರೂ ಇಡಿ. ಆ ಒಂದು ರಾತ್ರಿಯ ನಿದ್ದೆ ಧ್ವನಿಯಲ್ಲಿ ಎದ್ದು ಕಾಣುತ್ತದೆ. ಪಿಂಚಣಿ, ಆಸ್ತಿ, ವೃದ್ಧಾಶ್ರಮದಂಥ ವಿಷಯಗಳಿಗೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ.

ಮರೆವಿನ ಕಾಯಿಲೆ ಇರುವವರು ಮಕ್ಕಳ ಹೆಸರು ಮರೆತರೂ ಎಷ್ಟೋ ಸಲ ಹಳೆಯ ದೇವರನಾಮದ ಸಾಲು ಮರೆತಿರುವುದಿಲ್ಲ. ಅವರ ಪಕ್ಕ ಕೂತು ಹಾಡಿ, ಇಬ್ಬರಿಗೂ ನೆಮ್ಮದಿ. ಆದರೆ ನಾಲ್ಕನೇ ಹೆಜ್ಜೆಯಲ್ಲಿ ಹೇಳಿದ ಮಾತೇ ಇಲ್ಲೂ: ಅದನ್ನು ಸಾಧಕದ ಲೆಕ್ಕಕ್ಕೆ ಬರೆಯಬೇಡಿ.

ಹೆಜ್ಜೆ 10: ವಯಸ್ಸಿನ ಮಿತಿಗಳ ಮೇಲೆ ಕಣ್ಣಿಡಿ

ಇದರ ಬಗ್ಗೆ ಜಾಸ್ತಿ ಯಾರೂ ಮಾತಾಡುವುದಿಲ್ಲ. "ಯುವ" ಅನ್ನುವ ಪದ ಇರುವ ಪ್ರಶಸ್ತಿ, ಉತ್ಸವಗಳ ವಯಸ್ಸು ಮುಗಿಯುವುದೇ ಮಕ್ಕಳನ್ನು ಹೆತ್ತು ಬೆಳೆಸುವ ವರ್ಷಗಳಲ್ಲಿ. ಗಂಡಸರು ಆ ಹೊತ್ತಿಗೆ ಮುಂದೆ ಹೋಗಿರುತ್ತಾರೆ. ಇದು ಬದಲಾಗಬೇಕು, ತಾಯಂದಿರಿಗೆ ಮಿತಿಯನ್ನು ಒಂದೆರಡು ವರ್ಷ ಸಡಿಲಿಸಬೇಕು ಅಂತ ನಾವು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ಅರ್ಜಿಗಳನ್ನು ಜಾಣತನದಿಂದ ಹಾಕಿ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಕಿರಿಯ ಫೆಲೋಶಿಪ್ 25ರಿಂದ 40 ವರ್ಷದವರಿಗೆ, ತಿಂಗಳಿಗೆ 10,000 ರೂಪಾಯಿ, ಎರಡು ವರ್ಷ. ಹಿರಿಯ ಫೆಲೋಶಿಪ್ 40 ದಾಟಿದವರಿಗೆ, ತಿಂಗಳಿಗೆ 20,000, ಅದೂ ಎರಡು ವರ್ಷ. ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮರಳುವವರಿಗೆ ಎರಡನೆಯದು ಚೆನ್ನಾಗಿ ಹೊಂದುತ್ತದೆ. ಮಾಡುವ ಕೆಲಸ ಬಹುಮಟ್ಟಿಗೆ ಓದು, ಸಂಗ್ರಹ, ಬರವಣಿಗೆ. ಪ್ರಯಾಣ ನಿಮ್ಮ ಕೈಯಲ್ಲಿದೆ. ಆಕಾಶವಾಣಿ ಕಲಾವಿದರಿಗೆ ಕೊಡುವ ಬಿ, ಬಿ ಹೈ, ಎ, ಟಾಪ್ ಶ್ರೇಣಿಗಳಲ್ಲಿ ನೀವು ಎಲ್ಲಿದ್ದೀರಿ ಅಂತ ನೋಡಿ, ಮೇಲಿನ ಶ್ರೇಣಿಯ ಆಡಿಷನ್ನಿಗೆ ಯಾವಾಗ ಕೂರಬಹುದು ಅಂತ ವಿಚಾರಿಸಿಡಿ. ಎರಡನೇ ಹೆಜ್ಜೆಯ ರೆಕಾರ್ಡಿಂಗ್ ಕೆಲಸಕ್ಕೆ ಬರುವುದು ಇಂಥ ಅರ್ಜಿಗಳಿಗೆ. ಅರ್ಜಿ ತುಂಬಲು ಗಂಟಲು ಬೇಡ, ಮಗು ಮಲಗಿದ್ದರೆ ಸಾಕು.

ಹೆಜ್ಜೆ 11: ಹಬ್ಬದ ದಿನ

ಗೌರಿ ಹಬ್ಬ, ಗಣೇಶನ ಹಬ್ಬ, ನವರಾತ್ರಿ. ಬಡಾವಣೆಗಳ ಗಣೇಶೋತ್ಸವಗಳಲ್ಲಿ ಕಛೇರಿಗಳು ಜಾಸ್ತಿ ಸಿಗುವುದು ಆಗ. ಮನೆಯಲ್ಲಿ ಒಬ್ಬಟ್ಟು, ಕೋಸಂಬರಿ, ಬಾಗಿನ, ನೆಂಟರು ಇರುವುದೂ ಆಗಲೇ. ಎರಡನ್ನೂ ನಿಭಾಯಿಸಿದೆ ಅಂತ ಹೆಮ್ಮೆಪಡುವವರ ಗಂಟಲು ಆ ಸಂಜೆ ಹೇಗಿತ್ತು ಅಂತ ಪಕ್ಕವಾದ್ಯದವರನ್ನು ಕೇಳಿ.

ಎಣ್ಣೆಯ ಬಾಣಲೆ ಮುಂದೆ ಮೂರು ಗಂಟೆ ನಿಂತು ಹಾಡಲು ಹೋಗಬೇಡಿ. ಒಬ್ಬಟ್ಟನ್ನು ಹೋಳಿಗೆ ಅಂಗಡಿಯಿಂದ ತರಿಸಿ. ಈಗ ಬೆಂಗಳೂರು, ಮೈಸೂರಿನ ಹೆಚ್ಚುಕಡಿಮೆ ಎಲ್ಲ ಬಡಾವಣೆಯಲ್ಲೂ ಒಂದಿದೆ, ಎರಡು ದಿನ ಮೊದಲೇ ಹೇಳಿಡಬೇಕು ಅಷ್ಟೇ. ನೆಂಟರ ಊಟವನ್ನು ಹಬ್ಬದ ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ಅತ್ತೆಗೆ ಇದು ಬೇಸರವಾದರೆ ಒಮ್ಮೆ ಅವರನ್ನೇ ಕಛೇರಿಗೆ ಕರೆದುಕೊಂಡು ಹೋಗಿ, ಮಗುವಿನ ಜೊತೆ ಗ್ರೀನ್‌ರೂಮಿನಲ್ಲಿ ಅಲ್ಲ, ಸಭೆಯಲ್ಲಿ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ. ಮುಂದಿನ ವರ್ಷದ ಹೋಳಿಗೆ ಆರ್ಡರ್ ಅವರೇ ಕೊಟ್ಟರೂ ಕೊಡಬಹುದು.

ಪೂರ್ತಿ ನಿಲ್ಲಿಸಲೇಬೇಕಾದರೆ

ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. ಮಗುವಿಗೆ ಕಾಯಿಲೆ, ಮನೆಯಲ್ಲಿ ಆಪರೇಷನ್, ಬೇರೆ ಊರಿಗೆ ವರ್ಗ. ಆಗ ತಾನಾಗಿ ನಿಂತುಹೋಗಲು ಬಿಡಬೇಡಿ, ನೀವೇ ನಿಲ್ಲಿಸಿ. ಯಾವ ತಾರೀಖಿನಿಂದ ಯಾವ ತಿಂಗಳವರೆಗೆ ಅಂತ ಬರೆಯಿರಿ. ಒಪ್ಪಿಕೊಂಡ ಕಛೇರಿಗಳಿಗೆ ಬದಲಿ ಹೆಸರು ನೀವೇ ಕೊಡಿ, ಸಂಘಟಕರು ನೆನಪಿಡುತ್ತಾರೆ. ಆಕಾಶವಾಣಿಯಿಂದ ಕರೆ ಬಂದರೆ ಸುಮ್ನೆ ಬಿಡದೆ, ಬರಲು ಆಗುವುದಿಲ್ಲ ಅಂತ ಲಿಖಿತವಾಗಿ ತಿಳಿಸಿ. ಹತ್ತು ನಿಮಿಷದ ಮಂದ್ರ ಸಾಧಕವನ್ನು ಮಾತ್ರ ಬಿಡಬೇಡಿ. ಕೊನೆಯದಾಗಿ, ಜೊತೆಯ ಪಿಟೀಲಿನವರಿಗೋ ಮೃದಂಗದವರಿಗೋ ಆ ತಿಂಗಳ ಹೆಸರು ಹೇಳಿ, "ಅವತ್ತು ನನಗೊಂದು ಫೋನ್ ಮಾಡಿ" ಅಂತ ಕೇಳಿಕೊಳ್ಳಿ.